ಖಾಲಿ ಬಿಟ್ಟ ಅಡ್ಡಹೆಸರು

"ಅಕ್ಕಾ, ನನಗೆ ಯಾವಾಗ ಮದುವೆ ಆಯ್ತೇ?" ಅಂತ ಸುಮಿತ್ರಾ ಹಾಲ್ ಟಿಕೆಟನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಹಿಂದಿನ ದಿನ ಬಂದ ಅಂಚೆಯನ್ನು ಪಕ್ಕದ ಖೋಲಿಯ ಗಂಗುಬಾಯಿ ಆಗಷ್ಟೇ ಕೊಟ್ಟು ಹೋಗಿದ್ದಳು. ಹೆಸರು ನೋಡಿದೆ: ಸುಮಿತ್ರಾ ಸಾಳುಂಕೆ. ನಾವು ಮೈಸೂರಿನವರು, ನಮ್ಮ ವಂಶದಲ್ಲೇ ಅಡ್ಡಹೆಸರಿಲ್ಲ.

ನನಗೆ ನಗು ಬರಲಿಲ್ಲ. ಬ್ಯಾಂಕ್ ಪರೀಕ್ಷೆ ಅವತ್ತೇ ಹತ್ತೂವರೆಗೆ, ಗೋರೆಗಾಂವ್‌ನಲ್ಲಿ. ಮುಂದಿನ ತಿಂಗಳು ಅವಳ ವಯಸ್ಸು ಮೀರುತ್ತೆ, ಆಮೇಲೆ ಕೂರೋಕೆ ಬಿಡಲ್ಲ. ಆ ಟಿಕೆಟ್ ಛಾಪಿಸಿದ್ದು ಬಾಂದ್ರಾದ ನಮ್ಮ ಆಫೀಸು, ಅದಕ್ಕೆ ಕಂಪ್ಯೂಟರ್ ಪ್ರೋಗ್ರಾಮ್ ಬರೆದವಳು ನಾನು.

ಸುಮಿತ್ರಾಳನ್ನು ಟಿಕೆಟಿನ ಜೊತೆ ಗೋರೆಗಾಂವ್‌ಗೆ ಹೊರಡಿಸಿ ನಾನು ಆಫೀಸಿಗೆ ಓಡಿದೆ. ಕುರ್ಲಾದಿಂದ ವಡಾಲಾ, ಅಲ್ಲಿ ಗಾಡಿ ಬದಲಿಸಿ ಬಾಂದ್ರಾ. ತಪ್ಪು ಎಲ್ಲಿ ಅಂತ ಲೋಕಲ್ಲಿನಲ್ಲೇ ಹೊಳೆದಿತ್ತು. ಅಡ್ಡಹೆಸರು ತುಂಬಿಡೋ ಡಬ್ಬಿ, ಅಂದರೆ ವೇರಿಯಬಲ್ಲು, ಒಬ್ಬೊಬ್ಬರಿಗೂ ಹೊಸದಾಗಿ ಹುಟ್ಟಿ ಅವರ ಜೊತೆಗೇ ಹೋಗಬೇಕಿತ್ತು. ನಾನು ಮಹಾರಾಣಿ ಅದನ್ನು ಎಲ್ಲರಿಗೂ ಒಂದೇ ಅನ್ನೋ ಹಾಗೆ ಇಡೀ ಪ್ರೋಗ್ರಾಮಿಗೇ ಪಬ್ಲಿಕ್ ಮಾಡಿದ್ದೆ. ಫಾರ್ಮಿನಲ್ಲಿ ಆ ಕಾಲಂ ಖಾಲಿ ಇದ್ದವರಿಗೆ ಪಟ್ಟಿಯಲ್ಲಿ ಅವರಿಗಿಂತ ಮೊದಲಿದ್ದವರ ಅಡ್ಡಹೆಸರೇ ಅಂಟಿತ್ತು. ಒಬ್ಬರು ಉಂಡ ಎಲೆ ತೆಗೆಯದೆ ಇನ್ನೊಬ್ಬರಿಗೆ ಬಡಿಸಿದ ಹಾಗೆ.

ಪ್ರೋಗ್ರಾಮನ್ನು ಟೆಸ್ಟ್ ಮಾಡಿದಾಗ ಈ ತಪ್ಪು ಯಾಕೆ ಸಿಗಲಿಲ್ಲ? ಟೆಸ್ಟಿಗೆ ಹಾಕಿದ್ದು ಕಾಲಂ ಖಾಲಿ ಇಲ್ಲದ ನನ್ನದೇ ಹೆಸರು: ವಿಮಲಾ ಮೈಸೂರ್ಕರ್. ಕೆಲಸಕ್ಕೆ ಸೇರಿದ ದಿನ ಗುಮಾಸ್ತ "ಸರ್‌ನೇಮ್ ಕ್ಯಾ?" ಅಂದಾಗ ನಾಚಿಕೆಯಾಗಿ ಕಟ್ಟಿಕೊಂಡ ಹೆಸರು. ಅಪ್ಪ ಒಂದು ವಾರ ಮಾತು ಬಿಟ್ಟಿದ್ದರು.

ಮ್ಯಾನೇಜರ್ ಸದಾನಂದರು ಉಡುಪಿಯವರು, ಮನೆ ಆಫೀಸಿನ ಹಿಂದೆಯೇ. ಬೀಗ ತೆಗೆದರು. ಪಟ್ಟಿ ತೆಗೆದು ನೋಡಿದರೆ ಗೋರೆಗಾಂವ್ ಕೇಂದ್ರದಲ್ಲೇ ಇಂಥವರು ಹನ್ನೊಂದು ಜನ. ಕೇಂದ್ರದವರಿಗೆ ಕಾಗದ ಬರೆಯೋಕೆ ಕೂತೆ.

"ಕಾಲಂ ಖಾಲಿ ಬಿಟ್ಟದ್ದು ಅವರ ತಪ್ಪು ಅಂತ ಬರಿ ಮಾರಾಯ್ತಿ," ಅಂದರು. "ನಮ್ಮ ತಪ್ಪು ಅಂತ ಬರೆದರೆ ನಿನ್ನ ಕೆಲಸ ಉಳಿಯುವುದಿಲ್ಲ."

"ಖಾಲಿ ಇದ್ದದ್ದನ್ನ ಖಾಲಿ ಬಿಟ್ಟಿದ್ದಾರೆ ಸಾರ್, ಅದರಲ್ಲೇನು ತಪ್ಪು?" ಅಂದೆ. ಹನ್ನೊಂದೂ ಹೆಸರು ಹಾಕಿ, ತಪ್ಪು ಪ್ರೋಗ್ರಾಮಿನದು ಅಂತ ಟೈಪ್ ಮಾಡಿ, ವಿಮಲಾ ಅಂತಷ್ಟೇ ಸಹಿ ಹಾಕಿದೆ. ಅವರು ಮುಖ ಆ ಕಡೆ ಮಾಡಿಕೊಂಡೇ ಆಫೀಸಿನ ಸೀಲು ನನ್ನ ಕಡೆ ತಳ್ಳಿದರು.

ಗೋರೆಗಾಂವ್‌ನ ಕಾಲೇಜು ಮುಟ್ಟಿದಾಗ ಹತ್ತು ಇಪ್ಪತ್ತು. ಹೆಸರು ಹೊಂದಲ್ಲ ಅಂತ ಒಳಗೆ ಬಿಡದೆ ಸುಮಿತ್ರಾ ಬಾಗಿಲ ಹೊರಗೆ ನಿಂತಿದ್ದಳು, ಅತ್ತು ಮೂಗು ಕೆಂಪಾಗಿತ್ತು. ಮೇಲ್ವಿಚಾರಕ ಕಾಗದ ಓದಿ ನನ್ನ ಐಡಿ ಕಾರ್ಡ್ ಕೇಳಿದ. ಕಾರ್ಡನ್ನೂ ಸಹಿಯನ್ನೂ ಎರಡೆರಡು ಸಲ ನೋಡಿ, ಇಲ್ಲಿ ಮೈಸೂರ್ಕರ್ ಇದೆ, ಸಹಿಯಲ್ಲಿ ಯಾಕಿಲ್ಲ ಅಂತ ಹಿಂದಿಯಲ್ಲಿ ಕೇಳಿದ.

"ಅವಳು ನನ್ನ ತಂಗಿ. ನಮಗೆ ಅಡ್ಡಹೆಸರಿಲ್ಲ. ಅವಳು ಫಾರ್ಮಿನಲ್ಲಿ ನಿಜ ಬರೆದಳು, ನಾನು ಕಾರ್ಡಿನಲ್ಲಿ ಸುಳ್ಳು ಬರೆದೆ," ಅಂದೆ.

ಅವನು ಪೆನ್ನು ತೆಗೆದು ಟಿಕೆಟಿನ ಸಾಳುಂಕೆಯನ್ನು ಹೊಡೆದುಹಾಕಿದ, ಉಳಿದ ಹತ್ತು ಜನರನ್ನೂ ಒಳಗೆ ಬಿಡೋಕೆ ಹೇಳಿದ. ಸುಮಿತ್ರಾ ಒಳಗೆ ಓಡಿದಳು. ಆಮೇಲೆ ನನ್ನ ಕಾರ್ಡನ್ನು ವಾಪಸು ಚಾಚಿ, ಇದನ್ನೂ ಹೊಡೆಯಲಾ ಅಂತ ಕೇಳಿದ.

"ಬೇಡ, ಅದನ್ನ ನಾನೇ ಹೊಡೀತೀನಿ," ಅಂತ ಅವನ ಪೆನ್ನು ಇಸಕೊಂಡೆ.