ಗೂಡಿನಲ್ಲಿ ಉಳಿದ ಅಡಕತ್ತರಿ

ಮತ್ತೆ ಹೆಬ್ಬೆರಳು ನಾಲಗೆಗೆ ಹೋಯಿತು, ಗುಡುಬಿ ದಾದಿ ಇನ್ನೊಂದು ಹಾಳೆ ತಿರುವಿದಳು, ಹಸಿ ಅಂಟಿನ ವಾಸನೆ, ಮೊಮ್ಮಗಳು ಸಾಹಿರಾಳ ಮೈಯೆಲ್ಲ ಉರಿ — ಆ ಗಜಾನನನ ಕೈ ಸೇದಿಹೋಗಲಿ, ಯಾರು ಕೇಳಿದ್ದರು ಇವನನ್ನು? ಗೋಕಾಕದಲ್ಲಿ ಲಗ್ನಪತ್ರಿಕೆ ಹೊಡೆಯುವ ಪ್ರೆಸ್ಸಿನವನು, ಬೆಳಿಗ್ಗೆ ಮೂಡಲಗಿ ಸ್ಟ್ಯಾಂಡಿಗೆ ಪಾರ್ಸಲ್ ಹಾಕಿ ಫೋನು ಬೇರೆ, ಅಕ್ಕಾರ, ಪುಸ್ತಕ ಪೂರಾ ಉಲ್ಟಾ ಜೋಡಿಸಿದ್ರಿ, ಕಡೀ ಹಾಳಿ ಮೊದಲ ಇತ್ತು, ನಾನ ಕುಂತು ಎಲ್ಲಾ ಸೀದಾ ಮಾಡೇನಿ, ಥ್ಯಾಂಕ್ಸ್ ಏನ್ ಬ್ಯಾಡ್ರಿ. ಥ್ಯಾಂಕ್ಸ್ ಅಂತೆ! ಜಪಾನಿನ ಚಿತ್ರಕತೆ, ಮಂಗಾ, ಬಲಗಡೆಯಿಂದಲೇ ಶುರುವಾಗುವುದು, ಅದಕ್ಕೇ ಅವಳು ಮಂಗಾ ಬರೆದದ್ದು, ಉರ್ದು ಕಿತಾಬು ತೆರೆದೇ ರೂಢಿಯಾದ ಕೈ ದಾದಿಯದು, ಕನ್ನಡ ಓದಲು ಬಾರದು, ಮಾತೇ ಇಲ್ಲದ ಬರೀ ಚಿತ್ರ, ಬಲದಿಂದ ತೆರೆದರೆ ಸಾಕು, ದಾದಿಯ ತಮ್ಮ ಹಜರತಅಲಿ ನೀರಿಗೆ ಇಳಿಯುತ್ತಾನೆ, ಕಾದಾಡುತ್ತಾನೆ, ಗೆದ್ದು ಬರುತ್ತಾನೆ. ಈಗ ಬಲದಿಂದ ತೆರೆದರೆ ಸಿಗುವುದು ಕಡೆಯ ಪುಟ. ಕಸಿದುಕೊಳ್ಳಲು ಹೋದಳು, ಬಿಡ ಬೇ, ನಾ ನೋಡಾಕತ್ತೇನಿ, ಕೈ ಹಾಕಬ್ಯಾಡ ಅಂದಳು ದಾದಿ, ಅಷ್ಟರಲ್ಲಿ ತಮ್ಮನ ಮುಖ ಗುರುತು ಹಿಡಿದು ಬೊಚ್ಚುಬಾಯಿ ತುಂಬ ನಕ್ಕಿದ್ದಳು, ಹೇಗೆ ಕಸಿಯುವುದು.

ಹಿಡಕಲ್ ಡ್ಯಾಮಿನಲ್ಲಿ ನೀರು ನಿಲ್ಲಿಸಿದ ವರ್ಷ, ಹುಕ್ಕೇರಿ ಕಡೆಯ ಅವರ ಊರು ಮುಳುಗುತ್ತ ಖಾಲಿಯಾಗುವಾಗ, ಗಾಡಿ ಹೇರಿದ ಮೇಲೆ ನೆನಪಾಗಿತ್ತಂತೆ, ಅವ್ವನ ಹಿತ್ತಾಳೆ ಅಡಕತ್ತರಿ ಗೋಡೆಯ ಗೂಡಿನಲ್ಲೇ ಉಳಿಯಿತು ಅಂತ ಅತ್ತವಳು ಗುಡುಬಿ, ಅಳಬ್ಯಾಡ ಆಪಾ, ಹಿಂಗ ಹೋಗಿ ಹಿಂಗ ಬರತೇನಿ ಅಂದವನು ಹಜರತಅಲಿ, ಮೀಸೆ ಮೂಡದ ತಮ್ಮ, ಮುಳುಗು ಹಾಕಿದಾಗ ಎರಡು ಬಿಳಿ ಹಿಮ್ಮಡಿ ಕಂಡವು, ಆಮೇಲೆ ಏನೂ ಇಲ್ಲ — ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ, ದಾದಿಗೆ ಅದೇ ಹಿಮ್ಮಡಿಯ ಮಾತು, ಕೇಳಿ ಕೇಳಿ ಸಾಹಿರಾಳಿಗೆ ಬಂದದ್ದು ಸಿಟ್ಟು, ನೀರಿನ ಮೇಲೆ, ಅಲ್ಲಾನ ಮರ್ಜಿ ಬಿಡು ಅನ್ನುವವರ ಮೇಲೆ, ಹಾಳಾದ ಅಡಕತ್ತರಿಯ ಮೇಲೆ, ನಾನು ತರುತ್ತೇನೆ ಅವನನ್ನು ಅಂತ ಹಟ ಹಿಡಿದು ಬರೆದಳು, ಅವನಿಗೆ ಮೀನಿನ ಕಿವಿರು ಕೊಟ್ಟಳು, ಮುಳುಗಿದ ಮಸೀದಿಯ ಮಿನಾರಿಗೆ ಸುತ್ತಿಕೊಂಡ ಹಾವುಮೀನನ್ನು ಕೊಲ್ಲಲು ಕಠಾರಿ ಕೊಟ್ಟಳು. ಈಗ ದಾದಿಯ ಕೈಯಲ್ಲಿ ಎಲ್ಲ ಹಿಂದುಮುಂದು, ಅಕ್ಕ ತಮ್ಮ ಅಡಿಕೆ ಕತ್ತರಿಸುತ್ತ ನಗುವುದು ಮೊದಲು, ಅಡಕತ್ತರಿ ಅಕ್ಕನ ಅಂಗೈಯಿಂದ ಅವನ ಕೈಗೆ ಹೋಯಿತು, ಅವನು ನೀರಿಗೆ ಹೋದ, ಸತ್ತ ಹಾವುಮೀನು ಎದ್ದಿತು, ಅಡಕತ್ತರಿ ಮತ್ತೆ ಗೂಡು ಸೇರಿತು, ಸಾಕು ದಾದಿ, ಅದು ಉಲ್ಟಾ ಐತಿ, ಆ ಕಡಿಂದ ನೋಡು — ಕೂಗಿದಳು ಸಾಹಿರಾ, ಹೆಬ್ಬೆರಳು ನಾಲಗೆಗೆ, ಹಾಳೆ, ಹಿಮ್ಮಡಿ, ಹಾಳೆ, ದಂಡೆಯ ಮೇಲೆ ಒಬ್ಬಳೇ ಹುಡುಗಿ, ಮುಗಿಯಿತು. ದಾದಿ ಅಳಲಿಲ್ಲ. ತಲೆಯಾಡಿಸಿದಳು, ಖರೇನ ತಗದೀ ಬೇ, ಹಿಂಗ ಆತು ನೋಡು, ನಕ್ಕೋತ ಇದ್ವಿ, ಆಮ್ಯಾಲ ಹ್ವಾದ. ಹಿಂಗಲ್ಲ, ಹಿಂಗ ಅಲ್ಲೇ ಅಲ್ಲ, ಅವನು ಬರುತ್ತಾನೆ, ನಾನು ಬರೆದದ್ದು ಬರುವುದನ್ನು, ಗಜಾನನನ ಪ್ರೆಸ್ಸಿಗೆ ಬೆಂಕಿ ಬೀಳಲಿ, ಪುಸ್ತಕ ಎಳೆದರೆ ದಾದಿ ಬಿಡಳು, ಒಂದು ಹಾಳೆ ಹಿಂದಕ್ಕೆ ತಿರುವಿ ಬೆರಳು ಊರಿ ಕೂತಿದ್ದಾಳೆ, ಬೆರಳಿನ ಕೆಳಗೆ ನೀರು, ನೀರಿನ ಮೇಲೆ ಎರಡು ಹಿಮ್ಮಡಿ, ಎರಡು ಬಿಳಿ ಹಿಮ್ಮಡಿ