ಉಗುರಿನ ಮೇಲಿನ ಹಾಲಹನಿ

ತಟ್ಟೆಗಳಿಗೆ ಉದುರಿಸುವ ಸುಣ್ಣದ ವಾಸನೆ, ಹುಳುಮನೆಯಿಂದ ಬಂದು ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳು ಬಿಡದ ವಾಸನೆ, ಅದನ್ನೇ ಮೂಸಿಕೊಂಡು ಭಾನುಪ್ರಿಯ ಯಂತ್ರದ ಪರದೆಯ ಮುಂದೆ ಕೂತಿದ್ದಾಳೆ — ಇನ್ನು ಐದು ನಿಮಿಷ, ಪ್ರೋಟೀನಿನ ಗೆರೆ ಮೂಡಿದರೆ ಮೂರು ವರ್ಷ ಸಾರ್ಥಕ, ಮೂಡದಿದ್ದರೆ ಮತ್ತೆ ಮೊದಲಿಂದ, ಕಿಟಕಿಯಾಚೆ ರಾಮನಗರದ ಬಂಡೆಗಳ ಮೇಲೆ ಬಿಸಿಲು, ಬಸ್ಸಿನ ಹಾರ್ನು — ಮನುಷ್ಯರ ಥೈರಾಯ್ಡಿನಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ, ಅದರ ಜೀನನ್ನು ನಕಲು ಮಾಡಿ, ವೈರಸ್ಸಿಗೆ ಪೋಣಿಸಿ, ಹುಳು ಆ ಗ್ರಾಹಕವನ್ನು ಮೈಯೊಳಗೆ ಬೆಳೆಸಲೆಂದು ರೇಷ್ಮೆಹುಳುವಿಗೆ ಚುಚ್ಚಿದವಳು ಅವಳೇ, ಅದೂ ಎಂಥ ವೈರಸ್ಸು, ಹಾಲುತೊಂಡೆ ರೋಗದ್ದು, ಹುಳು ಸಾಕುವ ಗುಡೇಮಾರನಹಳ್ಳಿಯ ಮನೆಯಲ್ಲಿ ಅಪ್ಪ ಹೆಸರೆತ್ತಲೂ ಬಿಡುತ್ತಿರಲಿಲ್ಲ, ಅಲ್ಲಿ ಹುಳು ಊದಿ ಹಾಲಾದರೆ ಬೆಳೆಯೇ ಹೋಯಿತು, ಇಲ್ಲಿ ಹಾಲಾದರೆ ಹಬ್ಬ — ಇಷ್ಟನ್ನು ಸಿದ್ದಮ್ಮನಿಗೆ ಹೇಳಲು ಮರೆತಿದ್ದಳಲ್ಲ, ಲ್ಯಾಬಿನ ಹುಳು ನೋಡಿಕೊಳ್ಳಲು ದೊಡ್ಡಆಲಹಳ್ಳಿಯಿಂದ ಈಚೆಗಷ್ಟೇ ಬಂದ ಸಿದ್ದಮ್ಮ, ನಲವತ್ತು ವರ್ಷ ಹುಳು ಸಾಕಿದ ಕೈ, ಹೋದ ತಿಂಗಳು ಒಂದು ಬೆಳಿಗ್ಗೆ ನೋಡಿದರೆ ತಟ್ಟೆಗಳು ಅರ್ಧ ಖಾಲಿ, ಹುಳ ಎಲ್ಲಿ ಸಿದ್ದಮ್ಮಾ, ರೋಗದವ ಆರಿಸಿ ಸುಣ್ಣಕ್ಕೆ ಹಾಕ್ಬುಟ್ಟೆ ಕಣವ್ವ, ಬುಟ್ರೆ ಮಿಕ್ಕವ್ಕೂ ಹತ್ತದಾ, ಎತ್ತು ಏರಿಗೆ ಕೋಣ ನೀರಿಗೆ, ಭಾನುಪ್ರಿಯ ಸುಣ್ಣದ ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಹಾಕಿ ಹುಡುಕಿದ್ದಳು, ಎಲ್ಲ ಬೆಂದು ಹೋಗಿದ್ದವು, ಅತ್ತಿದ್ದಳು, ಬಯ್ಯದಿದ್ದದ್ದೇ ಒಳ್ಳೆಯದಾಯಿತು — ತನ್ನ ಕಣ್ಣಿಗೆ ಕಾಣದ ರೋಗ ಇವಳಿಗೆ ಹೇಗೆ ಕಂಡಿತು, ಹೆಂಗೆ ಗೊತ್ತಾಗುತ್ತೆ ಸಿದ್ದಮ್ಮಾ, ನೋಡವ್ವ ಹಿಂಗೆ, ಹುಳುವಿನ ಕಾಲು ಚಿವುಟಿ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ, ಒಸಿ ಬೆಳ್ಳಗೈತಲ್ಲ, ನಾಳಿಕ್ಕೆ ಹುಳ ಒಡ್ದೋಯ್ತದೆ — ಒಡೆದರೆ ಒಳಗೆ ಬೆಳೆದ ಗ್ರಾಹಕದ ಪ್ರೋಟೀನು ಕೆಡುತ್ತದೆ, ಮೂರು ವರ್ಷ ತಾನು ಅರೆದದ್ದೆಲ್ಲ ಒಡೆದ ಹುಳುವನ್ನೇ, ಬರೀ ಒಂದು ದಿನ ತಡ, ಅವತ್ತೇ ಸುಣ್ಣದ ಬಕೆಟ್ಟಿನ ಜಾಗಕ್ಕೆ ಐಸಿನ ಡಬ್ಬಿ ಬಂತು, ಕೈ ಅದೇ, ಉಗುರು ಅದೇ, ಆರಿಸುವುದೂ ಹಾಗೇ — ಈ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುತ್ತಾ ಸಿದ್ದಮ್ಮ ಕೇಳಿದಳು, ನನ್ ಗಂಟ್ಲಲ್ಲಿರದು ಹುಳದೊಳ್ಗೂ ಬೆಳೀತದಾ, ಹಂಗಾರೆ ಅವೂ ನನ್ ಮಕ್ಳೇ ಬುಡು, ಈಗಲೂ ನಗು ಬರುತ್ತದೆ — ಪರದೆ ಬೆಳಗಿತು, ಮೂರು ಕಂಬಸಾಲು, ಮೊದಲನೆಯದು ಖಾಲಿ, ಅದು ಸೂಜಿ ಚುಚ್ಚದ ಹುಳು, ಖಾಲಿಯೇ ಇರಬೇಕು, ಎರಡನೆಯದು ಒಡೆದ ಹುಳು, ಬರೀ ಮಸಕು, ಮೂರನೆಯದು ಸಿದ್ದಮ್ಮ ಆರಿಸಿದ್ದು — ಗೆರೆ, ದಪ್ಪ ಗೆರೆ, ಇದೆ, ಇದೆ, ಎದ್ದು ಓಡಬೇಕು, ಹುಳುಮನೆಗೆ ಹೋಗಿ ಹೇಳಬೇಕು, ಕಣ್ಣ ಮುಂದೆ ಸುಣ್ಣಕ್ಕೆ ಸವೆದು ಸೀಳುಬಿಟ್ಟ ಸಿದ್ದಮ್ಮನ ಆ ಉಗುರು, ಅದರ ಮೇಲೆ ಒಂದು ಹನಿ, ಬೆಳ್ಳಗೆ