ಬೈದರೆ ಬದುಕಿದೆ ಎಂದರ್ಥ

ಶುಕ್ರವಾರ ಬೆಳಿಗ್ಗೆ ಎಂಟು ನಲವತ್ತೇಳಕ್ಕೆ, ಸರ್ವರ್ ಉತ್ತರಿಸುತ್ತಿಲ್ಲ ಎಂದು ಸಬಾಳ ಮೊಬೈಲ್ ಕಿರುಚಿಕೊಂಡಿತು. ವಿದ್ಯಾರಣ್ಯಪುರದ ಆ ಪರೀಕ್ಷಾ ಕೇಂದ್ರದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು ಅವಳೊಬ್ಬಳೇ. ನರ್ಸ್ ಹುದ್ದೆಗಳ ಪರೀಕ್ಷೆ ಒಂಬತ್ತಕ್ಕೆ ಶುರು. ನೂರಾ ಎಂಬತ್ತು ಅಭ್ಯರ್ಥಿಗಳು ಆಗಲೇ ಕೂತಿದ್ದರು. ತೊಂಬತ್ತು ಕಂಪ್ಯೂಟರ್‌ಗಳು ನೆಟ್‌ವರ್ಕ್ ಸೇರಿದ್ದವು, ಉಳಿದ ತೊಂಬತ್ತು ಬಾಗಿಲಲ್ಲೇ ನಿಂತುಬಿಟ್ಟಿದ್ದವು. ಒಂಬತ್ತರೊಳಗೆ ಸೇರದಿದ್ದರೆ ಅವುಗಳ ಮುಂದೆ ಕೂತವರಿಗೆ ಪರೀಕ್ಷೆಯೇ ಇಲ್ಲ. ಅಷ್ಟು ಖಡಕ್ ನಿಯಮ.

ಅಲ್ಲಿ ಯಾವ ಕಂಪ್ಯೂಟರೂ ಸುಮ್ಮನೆ ವೈರ್ ಚುಚ್ಚಿದರೆ ಒಳಗೆ ಹೋಗುವಂತಿಲ್ಲ. ಇದು ನಮ್ಮದೇನಾ ಎಂದು, ವೈರ್‌ಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ಮೊದಲು ಸರ್ವರನ್ನು ಕೇಳಬೇಕು. ಸರ್ವರ್ ಹೂಂ ಅಂದರೆ ಮಾತ್ರ ಪ್ರವೇಶ. ಆ ಸರ್ವರೇ ಸತ್ತರೆ? ಅದಕ್ಕೆಂದೇ ಸಬಾ ಒಂದು ಕಿತಾಪತಿ ಮಾಡಿಟ್ಟಿದ್ದಳು. ಎರಡು ನಿಮಿಷಕ್ಕೊಮ್ಮೆ ಸ್ವಿಚ್ಚು ಭೂಮಿಯ ಮೇಲೇ ಇಲ್ಲದ ಒಬ್ಬ ಆಸಾಮಿಯ ಹೆಸರು ಹೇಳಿ, ಒಳಗೆ ಬಿಡ್ತೀಯಾ ಎಂದು ಕೇಳುತ್ತದೆ. ಬಿಡಲ್ಲ ಹೋಗು ಎಂದು ಸರ್ವರ್ ಗದರಿದರೆ ಅದು ಬದುಕಿದೆ ಎಂದರ್ಥ. ಮೂರು ಸಲ ಉತ್ತರವೇ ಬರದಿದ್ದರೆ ಸ್ವಿಚ್ಚು ಅದರ ಆಸೆ ಬಿಟ್ಟು ಎರಡನೇ ಸರ್ವರ್ ಕಡೆ ತಿರುಗುತ್ತದೆ. ಎರಡನೆಯದು ಮೆಟ್ಟಿಲ ಕೆಳಗೆ ಗುಜರಿಗೆಂದು ಬಿದ್ದಿದ್ದ ಹಳೇ ಪೆಟ್ಟಿಗೆ. ಧೂಳು ಕೊಡವಿ ಅದನ್ನು ಎಬ್ಬಿಸಿದವಳೂ ಅವಳೇ. ಅದನ್ನೂ ಸ್ವಿಚ್ಚು ಎರಡು ನಿಮಿಷಕ್ಕೊಮ್ಮೆ ಹೀಗೇ ಕೇಳಿ ಬೈಸಿಕೊಳ್ಳುತ್ತಿತ್ತು.

"ಸ್ವಿಚ್ ರೀಸ್ಟಾರ್ಟ್ ಮಾಡ್ರೀ!" ಕೇಂದ್ರದ ಮ್ಯಾನೇಜರ್ ಅನಂತರಾಜು ಪರೀಕ್ಷಾ ಹಾಲಿನ ಮೂಲೆಯಲ್ಲಿದ್ದ ಅವಳ ಮೇಜಿನತ್ತ ಬೆವರುತ್ತ ಓಡಿಬಂದರು.

"ಬೇಡ ಸರ್! ಅದು ಎದ್ದೇಳಕ್ಕೆ ಹತ್ತು ನಿಮಿಷ ಬೇಕು. ಸೇರಿರೋ ತೊಂಬತ್ತೂ ಆಚೆ ಬೀಳುತ್ತೆ. ಮೊದಲ್ನೇ ಸರ್ವರ್‌ದು ಎರಡು ಸಲ ಉತ್ತರ ಬಂದಿಲ್ಲ. ಇನ್ನೊಂದ್ಸಲ, ಅಷ್ಟೇ."

"ಆ ಎರಡನೇದೂ ಕೆಟ್ಟೋಗಿದೆ ನೋಡ್ರೀ, ಕೆಂಪಕ್ಷರ ಬರ್ತಿದೆ!"

ತೆರೆಯ ಮೇಲೆ 'ನಿರಾಕರಿಸಲಾಗಿದೆ' ಎಂಬ ಸಾಲು ಮೂಡಿತ್ತು. ಈ ಕೆಂಪು ಸಾಲುಗಳನ್ನು ಕಂಡರೆ ಅನಂತರಾಜುಗೆ ಮೊದಲಿಂದಲೂ ಆಗದು. ವರದಿ ಗಲೀಜಾಗುತ್ತೆ, ನಿಲ್ಸಿ ಈ ಆಟ ಎಂದು ನಿನ್ನೆಯಷ್ಟೇ ರೇಗಿದ್ದರು.

ಸಬಾಳಿಗೋ ಕುಣಿಯುವಷ್ಟು ಖುಷಿ. "ಬೈತಿದೆ ಸರ್! ಬೈತಿದೆ ಅಂದ್ರೆ ಉಸಿರಾಡ್ತಿದೆ!"

ಅನಂತರಾಜು ಅವಳಿಗೆ ತಲೆ ಕೆಟ್ಟಿದೆ ಎಂದುಕೊಂಡು ಸ್ವಿಚ್ಚಿನ ಪ್ಲಗ್ಗಿಗೇ ಕೈ ಹಾಕಲು ಹೋದರು. ಸಬಾ ಅಡ್ಡ ನಿಂತಳು. ಇಲ್ಲದ ಆಸಾಮಿಗೆ ಬೈದದ್ದೇನೋ ಸರಿ, ಇರುವ ತೊಂಬತ್ತನ್ನು ಆ ಗುಜರಿ ಪೆಟ್ಟಿಗೆ ಒಳಗೆ ಬಿಟ್ಟೀತೇ? ಅದು ಅವಳಿಗೂ ಗೊತ್ತಿರಲಿಲ್ಲ.

ಎಂಟು ಐವತ್ತೊಂದು. ಮೂರನೇ ಸಲವೂ ಮೌನ. ಸ್ವಿಚ್ಚು ಎರಡನೆಯದರ ಕಡೆ ತಿರುಗಿತು. ಒಂದು ಕಂಪ್ಯೂಟರ್ ಸೇರಿತು. ಆಮೇಲೆ ನಾಲ್ಕು, ಆಮೇಲೆ ಇಡೀ ಸಾಲು! ನೂರಾ ಮೂವತ್ತು, ನೂರಾ ಅರವತ್ತು, ನೂರಾ ಎಂಬತ್ತು!

ಅಷ್ಟರಲ್ಲಿ ಅಟೆಂಡರ್ ಲಕ್ಕಣ್ಣ ಹಣೆ ಚಚ್ಚಿಕೊಳ್ಳುತ್ತ ಬಂದರು. ಪರೀಕ್ಷೆಯ ದಿನ ಸರ್ವರ್‌ಗೆ ಕುಂಕುಮ, ದಾಸವಾಳ ಇಡದೆ ಅವರಿಗೆ ಸಮಾಧಾನವಿಲ್ಲ. "ಪೂಜೆಗೆ ಸೀರಿಯಲ್ ಸೆಟ್ ಆಕಕ್ಕೆ ಆ ಸರ್ವರ್ ಡಬ್ಬದ ಪ್ಲಗ್ ಕಿತ್ಬುಟ್ಟಿದ್ದೆ ಕಣವ್ವ! ಈಗ್ಲೇ ಆಕ್ಬುಡ್ತೀನಿ!"

"ಅಯ್ಯೋ, ಮುಟ್ಟಬೇಡಿ ಲಕ್ಕಣ್ಣ!" ಸಬಾ ಹಾರಿ ಹೋಗಿ ಅವರ ತೋಳು ಹಿಡಿದಳು. ಮೊದಲನೆಯದು ಅರೆನಿದ್ದೆಯಲ್ಲಿ ಎದ್ದು ಕೂತರೆ ಸ್ವಿಚ್ಚು ಮತ್ತೆ ಅದರ ಹಿಂದೆಯೇ ಓಡುತ್ತದೆ, ಸೇರಿದವೂ ಆಚೆ ಬೀಳಬಹುದು. "ಪರೀಕ್ಷೆ ಮುಗಿಯೋ ತನಕ ನಿಮ್ಮ ದೀಪಾನೇ ಉರೀಲಿ."

ಒಂಬತ್ತು ಹೊಡೆಯಿತು. ನೂರಾ ಎಂಬತ್ತು ಮೌಸ್‌ಗಳು ಕಟಕಟ ಎನ್ನತೊಡಗಿದವು. ಸಬಾಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಅನಂತರಾಜು ಮಾತ್ರ ತೆರೆ ಬಿಟ್ಟು ಕದಲಲಿಲ್ಲ.

"ಸಬಾ ಅವ್ರೇ, ಯಾಕ್ರೀ ಇನ್ನೂ ಬೈದಿಲ್ಲ ಇದು?"

"ಒಂದು ನಿಮಿಷ ಇರಿ ಸರ್."

ಒಂಬತ್ತು ಒಂದಕ್ಕೆ ಕೆಂಪು ಸಾಲು ಮೂಡಿತು.

"ಬೈತು ಕಣ್ರೀ, ಬೈತು!" ಅನಂತರಾಜು ಚಪ್ಪಾಳೆ ತಟ್ಟಿಬಿಟ್ಟರು. ಪರೀಕ್ಷಾ ಮೇಲ್ವಿಚಾರಕಿ ತಾಹೆರಾ ದಡದಡ ಬಂದು, ಅವರು ಯಾರು ಏನು ಎಂದೂ ನೋಡದೆ ಹಾಲಿನ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.